ನೋಡುವುದು ಅಂಗಡಿಯಲ್ಲಿ, ಕೊಳ್ಳುವುದು ಇನ್ನೆಲ್ಲೋ

ನಮ್ಮ ಧರ್ಮಕೇಂದ್ರಗಳಲ್ಲಿ ಮಕ್ಕಳ ಪ್ರಥಮ ಪರಮಪ್ರಸಾದದ ಸಿದ್ಧತೆ ಆರಂಭವಾದೊಡನೆ ಪೇಟೆಯ ಅಂಗಡಿಗಳಲ್ಲಿ ಬಿಳಿಯ ಉಡುಪಿಗೂ ಬಿಳಿಯ ಶೂಗಳಿಗೂ ಬೇಡಿಕೆ ಬರುವುದು ವಾಡಿಕೆ. ಅಂಥದೊಂದು ಸಂದರ್ಭದಲ್ಲಿ ನಾವು ನಮ್ಮ ಮನೆಯ ಮಗುವನ್ನು ಕರೆದುಕೊಂಡು ಪಾದರಕ್ಷೆಯ ಅಂಗಡಿಯೊಂದಕ್ಕೆ ಹೋಗಿದ್ದೆವು. ಅಲ್ಲಿ ಕೆಲಸಕ್ಕಿದ್ದ ಹೆಣ್ಣುಮಗಳು ನೆಲದ ಮೇಲೆ ಕುಳಿತು ಮಗುವಿನ ಪಾದದ ಅಳತೆ ತೆಗೆದಳು. ಮೇಲಿನ ಹಲಗೆಯಿಂದ ಏಳೆಂಟು ಪೆಟ್ಟಿಗೆಗಳನ್ನು ಇಳಿಸಿ, ಬೆರಳು ಒತ್ತುತ್ತದೆಯೇ, ಹಿಮ್ಮಡಿ ಜಾರುತ್ತದೆಯೇ ಎಂದು ಒಂದೊಂದನ್ನೂ ತೊಡಿಸಿ, ಮಗುವನ್ನು ನಡೆಸಿ ನೋಡಿದಳು. ಅರ್ಧ ಗಂಟೆಯ ಬಳಿಕ ಒಂದು ಜೋಡಿ ಸರಿಹೊಂದಿತು. "ಇದನ್ನು ತೆಗೆದಿಡಿ, ನಾಳೆ ಬರುತ್ತೇವೆ" ಎಂದು ಹೇಳಿ, ಪೆಟ್ಟಿಗೆಯ ಮೇಲಿದ್ದ ಹೆಸರು ಹಾಗೂ ಅಳತೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೊರಬಂದೆವು. ಅಂದು ರಾತ್ರಿಯೇ ಅದೇ ಜೋಡಿಯನ್ನು 180 ರೂಪಾಯಿ ಕಡಿಮೆ ಬೆಲೆಗೆ ಆನ್‌ಲೈನ್ ಮೂಲಕ ತರಿಸಲು ವ್ಯವಸ್ಥೆ ಮಾಡಿದೆವು. ಪಕ್ಕದಲ್ಲಿ ಕುಳಿತಿದ್ದ ಮಗು ಕೇಳಿತು: "ಹಾಗಾದರೆ ನಾಳೆ ನಾವು ಹೋಗುವುದಿಲ್ಲವೇ? ಆ ಅಕ್ಕ ತೆಗೆದಿಟ್ಟಿರುತ್ತಾರಲ್ಲ?"

ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಪ್ರಥಮ ಪಾಪನಿವೇದನೆಗಾಗಿ ದೇವರ ಹತ್ತು ಕಟ್ಟಳೆಗಳನ್ನು ಬಾಯಿಪಾಠ ಮಾಡುತ್ತಿದ್ದ ಮಗುವದು. ಏಳನೆಯ ಕಟ್ಟಳೆ ಕಳ್ಳತನವನ್ನೂ ಎಂಟನೆಯದು ಸುಳ್ಳನ್ನೂ ನಿಷೇಧಿಸುತ್ತವೆಯೆಂದು ಅದಕ್ಕೆ ಕಲಿಸಿದವರು ನಾವೇ. ಒಂದೇ ಸಂಜೆಯಲ್ಲಿ ಇವೆರಡನ್ನೂ ಎಷ್ಟು ಸಲೀಸಾಗಿ ದಾಟಬಹುದೆಂದು ತೋರಿಸಿಕೊಟ್ಟವರೂ ನಾವೇ. ಇಂದು ನಮ್ಮ ಅನೇಕ ಕುಟುಂಬಗಳಲ್ಲಿ ಈ ರೂಢಿ ತಪ್ಪೆಂದೇ ತೋರದಷ್ಟು ಸಾಮಾನ್ಯವಾಗಿರುವುದರಿಂದ ಈ ಕುರಿತು ಬಹಿರಂಗವಾಗಿ ಆಲೋಚಿಸುವುದು ಅಗತ್ಯವೆನಿಸಿದೆ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಆನ್‌ಲೈನ್ ಮೂಲಕ ಕೊಳ್ಳುವುದು ಪಾಪವಲ್ಲ. 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಸಂಸ್ಥೆ ಪುಸ್ತಕಗಳ ಮಾರಾಟದಿಂದ ಆರಂಭವಾದಾಗ, ಪುಸ್ತಕದಂಗಡಿಯೇ ಇಲ್ಲದ ಊರಿನ ವಿದ್ಯಾರ್ಥಿಗೆ ಹೊಸದೊಂದು ಬಾಗಿಲು ತೆರೆದಂತಾಯಿತು. 2013ರಲ್ಲಿ ಅಮೆಜಾನ್ ಭಾರತದಲ್ಲಿ ತನ್ನ ವ್ಯವಹಾರವನ್ನು ಆರಂಭಿಸಿದ ಬಳಿಕ ಈ ಸೌಲಭ್ಯ ಇನ್ನಷ್ಟು ವಿಸ್ತರಿಸಿತು. ಮನೆಯಿಂದ ಹೊರಬರಲಾಗದ ವೃದ್ಧರಿಗೂ ಅಂಗವಿಕಲರಿಗೂ ಇದು ದೊಡ್ಡ ಉಪಕಾರ. ಬಿಸಿಲು ಮಳೆಯೆನ್ನದೆ ಪಾರ್ಸೆಲ್ ಹೊತ್ತು ಬರುವ ತರುಣನೂ ಬೆವರು ಸುರಿಸಿ ದುಡಿಯುವವನೇ. ಅಂತೆಯೇ, ನಾಲ್ಕು ಅಂಗಡಿಗಳಲ್ಲಿ ಬೆಲೆ ವಿಚಾರಿಸಿ ಕಡಿಮೆಯಿದ್ದಲ್ಲಿ ಕೊಳ್ಳುವುದು ನಮ್ಮ ಹಿರಿಯರು ಸಂತೆಯಲ್ಲಿ ಪಾಲಿಸಿಕೊಂಡು ಬಂದ ಜಾಣ್ಮೆ. ಅದನ್ನು ಯಾವ ವ್ಯಾಪಾರಿಯೂ ಮೋಸವೆಂದು ಬಗೆಯುವುದಿಲ್ಲ.

ಹಾಗಾದರೆ ತಪ್ಪು ಎಲ್ಲಿದೆ? ಬೆಲೆ ವಿಚಾರಿಸಲು ಬಂದ ಗಿರಾಕಿ ಕೊಳ್ಳಲೂಬಹುದು, ಕೊಳ್ಳದಿರಲೂಬಹುದು. ಆ ಸಾಧ್ಯತೆಯ ಮೇಲೆಯೇ ವ್ಯಾಪಾರಿ ತನ್ನ ಸಮಯವನ್ನು ವ್ಯಯಿಸುತ್ತಾನೆ. ಆದರೆ ಇಲ್ಲಿ ಕೊಳ್ಳುವುದಿಲ್ಲವೆಂದು ಮನೆಯಲ್ಲೇ ನಿರ್ಧರಿಸಿ ಬಂದವರು ಕೊಳ್ಳುವವರಂತೆ ನಟಿಸಿದಾಗ, ಆ ಸಾಧ್ಯತೆ ಎಂದೋ ಸತ್ತಿರುತ್ತದೆ. ಅದು ಬದುಕಿದೆಯೆಂದು ನಾವು ಎದುರಿಗಿದ್ದವರನ್ನು ನಂಬಿಸುತ್ತೇವೆ; ಹಾಗೆ ನಂಬಿಸಿ ಅವರ ದುಡಿಮೆಯನ್ನು ಪಡೆಯುತ್ತೇವೆ. ತಪ್ಪಿರುವುದು ಇಲ್ಲಿ.

ಬೆಲೆ ಏಕೆ ಕಡಿಮೆಯಾಯಿತು ಎಂಬುದನ್ನೂ ಯೋಚಿಸಬೇಕು. ಅಂಗಡಿಯವನು ಪೇಟೆಯ ನಡುವಿನ ಕಟ್ಟಡಕ್ಕೆ ಬಾಡಿಗೆ ತೆರುತ್ತಾನೆ. ವಿದ್ಯುತ್ತಿಗೆ, ಕೆಲಸದವರ ಸಂಬಳಕ್ಕೆ ಹಣ ಹೊಂದಿಸುತ್ತಾನೆ. ಯಾರ ಪಾದಕ್ಕೆ ಯಾವುದು ಹೊಂದೀತೋ ಎಂದು ಎಲ್ಲ ಅಳತೆಯ ಸರಕನ್ನೂ ತನ್ನ ಬಂಡವಾಳದಲ್ಲಿ ತಂದಿಡುತ್ತಾನೆ. ಮುಟ್ಟಿ ನೋಡುವ, ತೊಟ್ಟು ನೋಡುವ, ತಿಳಿದವರಲ್ಲಿ ಕೇಳುವ ಅನುಕೂಲ ನಮಗೆ ದೊರೆಯುವುದು ಈ ವೆಚ್ಚದಿಂದಲೇ. ದೂರದ ಗೋದಾಮಿನಿಂದ ಕಳುಹಿಸುವವನಿಗೆ ಇವುಗಳಲ್ಲಿ ಬಹುಪಾಲು ಇಲ್ಲ. ನಾವು ಉಳಿಸಿದೆವೆಂದು ಹೆಮ್ಮೆಪಡುವ ಹಣದ ಒಂದು ಭಾಗ ಅಂಗಡಿಯವನ ಜೇಬಿನಿಂದಲೇ ಬಂದದ್ದು. ಅನೇಕ ಅಂಗಡಿಗಳಲ್ಲಿ ಕೆಲಸದವರಿಗೆ ಸಂಬಳದ ಜೊತೆಗೆ ಮಾರಾಟದ ಮೇಲೆ ಕಮಿಷನ್ ಇರುತ್ತದೆ. ನಮಗಾಗಿ ಅರ್ಧ ಗಂಟೆ ದುಡಿದ ಆ ಹೆಣ್ಣುಮಗಳಿಗೆ ಅದರ ಪ್ರತಿಫಲ ಇಲ್ಲವಾಗಬಹುದು.

ಪವಿತ್ರ ಗ್ರಂಥಕ್ಕೆ ಇದು ಹೊಸ ವಿಷಯವಲ್ಲ. ಕೊಳ್ಳುವಾಗ ಸರಕನ್ನು ಹಳಿದು, ಕೊಂಡ ಮೇಲೆ ತನ್ನ ಜಾಣತನವನ್ನು ಕೊಚ್ಚಿಕೊಳ್ಳುವ ಗಿರಾಕಿಯ ಚಿತ್ರ ಜ್ಞಾನೋಕ್ತಿಗಳ 20ನೆಯ ಅಧ್ಯಾಯದಲ್ಲಿದೆ. ಕಲ್ಲುಗಳ ಸಂದಿನಲ್ಲಿ ಗೂಟ ನಾಟಿಕೊಳ್ಳುವಂತೆ ಕ್ರಯವಿಕ್ರಯಗಳ ನಡುವೆ ಪಾಪ ಸೇರಿಕೊಳ್ಳುತ್ತದೆಯೆಂದು ಸಿರಾಖನ ಗ್ರಂಥ ಎಚ್ಚರಿಸುತ್ತದೆ. ಅಲ್ಲಿ ದೋಷ ಮಾರುವವನದು ಮಾತ್ರವೆಂದು ಹೇಳಿಲ್ಲ. ಅದು ಇಬ್ಬರ ನಡುವೆ ಇದೆ. ದುಡಿದವನಿಗೆ ಕೂಲಿ ಸಲ್ಲಬೇಕೆಂಬುದು ಪ್ರಭು ಯೇಸುವೇ ಶಿಷ್ಯರಿಗೆ ನುಡಿದ ನ್ಯಾಯ.

ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಕ್ರಯವಿಕ್ರಯದ ವಂಚನೆಯನ್ನು ವಿವೇಚಿಸುತ್ತಾ ಒಂದು ಉದಾಹರಣೆ ನೀಡಿದ್ದಾರೆ. ಧಾನ್ಯ ದುಬಾರಿಯಾಗಿರುವ ಊರಿಗೆ ಒಬ್ಬ ವ್ಯಾಪಾರಿ ಗೋಧಿ ಒಯ್ಯುತ್ತಾನೆ. ತನ್ನ ಹಿಂದೆಯೇ ಇನ್ನೂ ಅನೇಕರು ಗೋಧಿ ತರುತ್ತಿದ್ದಾರೆಂಬುದು ಅವನಿಗೆ ಗೊತ್ತು. ಅದನ್ನು ಹೇಳಲೇಬೇಕೆಂದು ನ್ಯಾಯ ಅವನನ್ನು ಕಟ್ಟಿಹಾಕುವುದಿಲ್ಲ, ಆದರೆ ಹೇಳಿದರೆ ಅದು ಹೆಚ್ಚಿನ ಸದ್ಗುಣವೆಂಬುದು ಸಂತರ ಅಭಿಪ್ರಾಯ. ಗಿರಾಕಿಯೂ ತನ್ನ ಮನಸ್ಸಿನಲ್ಲಿರುವುದೆಲ್ಲವನ್ನೂ ಅಂಗಡಿಯವನಿಗೆ ಒಪ್ಪಿಸಬೇಕಾಗಿಲ್ಲವೆಂದು ನಾವು ಇದರಿಂದ ವಾದಿಸಬಹುದು. ನಿಜ. ಆದರೆ ಮೌನ ಬೇರೆ, ಸುಳ್ಳು ಬೇರೆ. "ನಾಳೆ ಬರುತ್ತೇವೆ, ತೆಗೆದಿಡಿ" ಎಂಬುದು ಮೌನವಲ್ಲ.

"ಕಂಪೆನಿಗಳೇ ಕಾನೂನನ್ನು ಬಗ್ಗಿಸುವಾಗ ನಮ್ಮ 180 ರೂಪಾಯಿಯ ಲೆಕ್ಕವೇಕೆ?" ಎಂದು ಕೇಳುವವರಿದ್ದಾರೆ. ಆನ್‌ಲೈನ್ ಮಾರಾಟ ತಾಣಗಳು ಸರಕಿನ ಬೆಲೆಯ ಮೇಲೆ ಪ್ರಭಾವ ಬೀರಬಾರದೆಂದು ಕೇಂದ್ರ ಸರ್ಕಾರ ವಿದೇಶಿ ಬಂಡವಾಳದ ನಿಯಮಗಳಲ್ಲಿ 2016ರಲ್ಲಿಯೇ ಸೂಚಿಸಿ, 2019ರ ಫೆಬ್ರವರಿಯಿಂದ ಅವನ್ನು ಬಿಗಿಗೊಳಿಸಿತು. ಆ ನಿಯಮಗಳ ಪಾಲನೆಯ ಬಗ್ಗೆ ವರ್ತಕರ ಆಕ್ಷೇಪಗಳಿವೆ. ಅದು ಸರ್ಕಾರ ಹಾಗೂ ನ್ಯಾಯಾಲಯಗಳು ತೀರ್ಮಾನಿಸಬೇಕಾದ ವಿಷಯ. ನಮ್ಮ ನಾಲಿಗೆಗೆ ಸಂಬಂಧಿಸಿದ ವಿಷಯವನ್ನು ತೀರ್ಮಾನಿಸಬೇಕಾದವರು ನಾವೇ. ಕೊಳ್ಳುವ ಕ್ರಿಯೆ ಕೇವಲ ಹಣಕಾಸಿನದಲ್ಲ, ಸದಾ ನೈತಿಕವಾದುದೂ ಹೌದೆಂದು ಜಗದ್ಗುರು ಹದಿನಾರನೆಯ ಬೆನೆಡಿಕ್ಟರು 2009ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದರು. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಅದನ್ನೇ ಪುನರುಚ್ಚರಿಸಿದರು.

ಬಡ ಕುಟುಂಬಕ್ಕೆ ಉಳಿಯುವ ಪ್ರತಿಯೊಂದು ರೂಪಾಯಿಯೂ ಮುಖ್ಯವೆಂಬ ವಾದವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅಂಥವರು ಕಡಿಮೆ ಬೆಲೆಗೆ ಸಿಗುವಲ್ಲಿಯೇ ಕೊಳ್ಳಲಿ. ಅದಕ್ಕಾಗಿ ಇನ್ನೊಬ್ಬ ಬಡ ದುಡಿಮೆಗಾರಳ ಸಮಯವನ್ನು ಸುಳ್ಳು ಹೇಳಿ ಪಡೆಯಬೇಕಾಗಿಲ್ಲ. ಅಲ್ಲದೆ, ನಮ್ಮಲ್ಲಿ ಹೀಗೆ ಮಾಡುವವರೆಲ್ಲರೂ ಬಡವರೇನಲ್ಲ. ಮದುವೆಯ ರೋಸ್ ಸಮಾರಂಭಕ್ಕೂ ಔತಣಕ್ಕೂ ಲಕ್ಷಗಟ್ಟಲೆ ವ್ಯಯಿಸುವ ಮನೆಯವರೇ ಮಿಕ್ಸಿಯೊಂದರ ಬೆಲೆಯಲ್ಲಿ ಇನ್ನೂರು ರೂಪಾಯಿ ಉಳಿಸಲು ಈ ದಾರಿ ಹಿಡಿಯುವುದುಂಟು.

ಚರ್ಚಿನ ವಾರ್ಷಿಕ ಹಬ್ಬದ ಸ್ಮರಣ ಸಂಚಿಕೆಗೆ ಜಾಹೀರಾತು ಕೇಳಲು ನಾವು ಹೋಗುವುದು ಯಾರ ಬಳಿಗೆ? ಅದೇ ಪೇಟೆಯ ಅಂಗಡಿಗಳಿಗೆ. ಅದೃಷ್ಟ ಚೀಟಿಯ ಬಹುಮಾನಕ್ಕೆ, ಮಕ್ಕಳ ಆಟೋಟ ಸ್ಪರ್ಧೆಗೆ ನೆರವು ಕೇಳುವುದೂ ಅವರಲ್ಲಿಯೇ. 2020ರ ಲಾಕ್‌ಡೌನ್ ದಿನಗಳಲ್ಲಿ ಕರೆಯೊಂದಕ್ಕೆ ಓಗೊಟ್ಟು ಅಕ್ಕಿಬೇಳೆ ತಲುಪಿಸಿದ, ಕೈಯಲ್ಲಿ ಹಣವಿಲ್ಲದವರಿಗೆ ಪುಸ್ತಕದಲ್ಲಿ ಬರೆದಿಟ್ಟು ಸಾಮಾನು ಕೊಟ್ಟ ಸಣ್ಣ ವ್ಯಾಪಾರಿಗಳನ್ನು ನಾವು ಮರೆಯಬಾರದು. ಬೇಕಾದಾಗ ನೆರೆಯವನೆಂದೂ, ಕೊಳ್ಳುವಾಗ ಪರಕೀಯನೆಂದೂ ಕಾಣುವುದು ಯಾವ ನ್ಯಾಯ?

ಹೀಗೆಂದು ಅಂಗಡಿಯವರು ನಿರ್ದೋಷಿಗಳೆಂದು ನಾವು ಹೇಳುವುದಿಲ್ಲ. ಸರಕಿನ ದೋಷವನ್ನು ಮುಚ್ಚಿಡುವ ಮಾರಾಟಗಾರನನ್ನೂ ಸಂತ ಥಾಮಸರು ಅಷ್ಟೇ ಖಂಡಿತವಾಗಿ ಟೀಕಿಸಿದ್ದಾರೆ. ಬಿಲ್ಲು ಕೇಳಿದರೆ ಮುಖ ಗಂಟಿಕ್ಕುವವರು, ಒಮ್ಮೆ ಮಾರಿದ ಮೇಲೆ ಬದಲಾಯಿಸಿ ಕೊಡಲೊಲ್ಲದವರು, ಗಿರಾಕಿಯ ಉಡುಪು ನೋಡಿ ಬೆಲೆ ಹೇಳುವವರು ಗಿರಾಕಿಗಳನ್ನು ತಾವೇ ಹೊರದೂಡುತ್ತಿದ್ದಾರೆ. ನಮ್ಮ ಸಮುದಾಯದ ವ್ಯಾಪಾರಿಗಳೂ ಆತ್ಮಶೋಧನೆ ಮಾಡಿಕೊಳ್ಳಲಿ.

ಗಿರಾಕಿಗಳಾದ ನಾವು ಮಾಡಬಹುದಾದುದು ಕಷ್ಟದ್ದೇನಲ್ಲ. ಬರೇ ನೋಡಲು ಬಂದಿದ್ದರೆ ಹಾಗೆಂದು ಮೊದಲೇ ಹೇಳೋಣ. ತೋರಿಸುವುದೂ ಬಿಡುವುದೂ ಅವರ ಇಷ್ಟಕ್ಕೆ ಸೇರಲಿ. ಬೇರೆಡೆ ಬೆಲೆ ಕಡಿಮೆಯಿದ್ದರೆ, "ಇಷ್ಟಕ್ಕೆ ಸಿಗುತ್ತದಂತೆ, ನೀವು ಎಷ್ಟಕ್ಕೆ ಕೊಡುವಿರಿ?" ಎಂದು ನೇರವಾಗಿ ಕೇಳೋಣ. ಅವರ ಸಲಹೆಯಿಂದ, ಅವರ ದುಡಿಮೆಯಿಂದ ನಮಗೆ ಸರಿಯಾದ ವಸ್ತು ದೊರೆತಿದ್ದರೆ, ಸ್ವಲ್ಪ ಹೆಚ್ಚು ತೆತ್ತಾದರೂ ಅವರಲ್ಲಿಯೇ ಕೊಳ್ಳೋಣ. ಆ ಹೆಚ್ಚಿನ ಹಣ ದಾನವಲ್ಲ. ಪಡೆದ ಸೇವೆಯ ಕೂಲಿ.

ಅನ್ಯಾಯವಾಗಿ ಪಡೆದುದಕ್ಕೆ ಪಶ್ಚಾತ್ತಾಪ ಮಾತ್ರ ಸಾಲದು, ಪರಿಹಾರವೂ ಬೇಕೆಂಬುದು ಧರ್ಮಸಭೆಯ ಬೋಧನೆ. ಜಕ್ಕಾಯನು ನಾಲ್ಕು ಪಟ್ಟು ಹಿಂದಿರುಗಿಸುವೆನೆಂದು ಪ್ರಭುವಿಗೆ ಮಾತುಕೊಟ್ಟನು. ನಾವು ಅಷ್ಟು ದೊಡ್ಡವರಲ್ಲ. ಶಾಲೆ ಆರಂಭವಾಗುವ ಮುನ್ನ ಮಗುವಿನೊಡನೆ ಅದೇ ಅಂಗಡಿಗೆ ಹೋಗಿ, ಅಂದು ಬಾರದೆ ಹೋದುದಕ್ಕೆ ಕಾರಣವನ್ನು ಇದ್ದಂತೆಯೇ ತಿಳಿಸಿ, ಶಾಲೆಯ ಶೂಗಳನ್ನು ಅಲ್ಲಿಯೇ ಕೊಂಡೆವು. ಬಿಳಿಯ ಜೋಡಿಯನ್ನು ಎರಡು ದಿನ ತೆಗೆದಿಟ್ಟಿದ್ದೆನೆಂದು ಆ ಹೆಣ್ಣುಮಗಳು ಹೇಳಿದಳು. ಬೇರೆ ಮಾತಾಡದೆ ನೆಲದ ಮೇಲೆ ಕುಳಿತು ಮಗುವಿನ ಪಾದವನ್ನು ಮತ್ತೆ ಅಳೆದಳು. ಮೂರು ತಿಂಗಳಲ್ಲಿ ಅದು ಒಂದು ಅಳತೆ ಬೆಳೆದಿತ್ತು.