ಬೆಂಕಿ ಆರಿದ ಮೇಲೆ ಟಿವಿ ಹಚ್ಚಬ್ಯಾಡ್ರಿ

ಔರಾದದಲ್ಲಿ ಎಷ್ಟೋ ಕಡೆ ಮುಂದೆ ಅಂಗಡಿ, ಹಿಂದೆ ಸಂಸಾರ. ಅಡುಗೆಮನೆಗೆ ಬೆಂಕಿ ಬಿತ್ತೆನ್ನಿ. ಓಣಿಯವರು ಕೊಡ ಹಿಡಿದು ಓಡಿ ಬರುತ್ತಾರೆ. (ಮೇನ್ ಸ್ವಿಚ್ ತೆಗೆಯದೆ ನೀರು ಎರಚುವ ಶೂರರ ಮಾತು ಬೇರೆಯೇ ಇದೆ.) ಅಂತೂ ಬೆಂಕಿ ಆರುತ್ತದೆ. ಪಡಸಾಲೆಯ ಟಿವಿಗೆ ಕಿಡಿ ಸಹ ತಾಗಿಲ್ಲ, ಮೇಲೊಂದಿಷ್ಟು ಮಸಿ ಅಷ್ಟೇ. "ದೇವರು ದೊಡ್ಡಾವ, ಟಿವಿ ಉಳೀತು. ಹಚ್ಚಿ ನೋಡ್ರಿ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೆಂಕಿಗೆ ಉಳಿದ ಟಿವಿ ಆ ಮಾತಿಗೆ ಸಾಯುತ್ತದೆ.

ಮಸಿ ಎಂದರೆ ಇಂಗಾಲದ ಪುಡಿ. ಅದರಲ್ಲಿ ಕರೆಂಟು ಹರಿಯುತ್ತದೆ. ಟಿವಿಯ ಬೆನ್ನಿನ ಸಂದಿಗಳಲ್ಲಿ ನುಗ್ಗಿ ಒಳಗಿನ ಬೋರ್ಡಿನ ಮೇಲೆ ಕೂತಿರುತ್ತದೆ. ಗುಂಡಿ ಒತ್ತಿದರೆ ಹೋಗಬಾರದ ಕಡೆ ಕರೆಂಟು ಹೋಗಿ ಶಾರ್ಟ್! ಇದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದ ಆಮ್ಲ. ವೈರಿನ ಹೊದಿಕೆ, ನೀರಿನ ಪೈಪು ಎಲ್ಲ ಈಗ ಪಿವಿಸಿ. ಶುದ್ಧ ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ಅದು ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ, ಅದಕ್ಕೆ ತೇವ ಸಿಕ್ಕರೆ ಹೈಡ್ರೋಕ್ಲೋರಿಕ್ ಆಮ್ಲ. ಬೆಂಕಿ ಆರಿಸಿದ ಮನೆಯಲ್ಲಿ ತೇವಕ್ಕೇನು ಬರ? ತಾಮ್ರದ ಗೆರೆಗಳನ್ನು ಅದು ಮೆಲ್ಲಗೆ ತಿನ್ನತೊಡಗುತ್ತದೆ. ಇವತ್ತು ನಡೆದ ಫ್ರಿಜ್ಜು ತಿಂಗಳ ಮೇಲೆ ನಿಂತರೆ ಕಂಪನಿಯವರನ್ನು ಬೈದು ಫಲವಿಲ್ಲ.

ದೊಡ್ಡ ದೊಡ್ಡವರಿಗೂ ಈ ಹೊಗೆ ನೀರು ಕುಡಿಸಿದೆ. 1975ರ ಫೆಬ್ರವರಿ 27ರಂದು ನ್ಯೂಯಾರ್ಕಿನ ಟೆಲಿಫೋನ್ ಎಕ್ಸ್‌ಚೇಂಜ್ ಒಂದರ ನೆಲಮಾಳಿಗೆಯಲ್ಲಿ ಕೇಬಲ್ಲಿಗೆ ಬೆಂಕಿ ಬಿತ್ತು. ಸುಮಾರು 1,70,000 ಫೋನುಗಳು ಮೂಕವಾದವು. ಬೆಂಕಿ ತಾಗದ ಮೇಲಂತಸ್ತಿನ ಯಂತ್ರಗಳನ್ನೂ ಹೊಗೆ ಹಿಡಿದಿತ್ತು. ಉಜ್ಜಿ ಉಜ್ಜಿ ಅವನ್ನು ಉಳಿಸಿಕೊಂಡರು. ಎಲ್ಲ ಸರಿಯಾಗಲು ಮೂರು ವಾರ ಹಿಡಿಯಿತು.

ಅಂದರೆ ಉಳಿಸಿಕೊಳ್ಳಬಹುದು. ಮೇನ್ ಆಫ್ ಮಾಡಿ ಪಿನ್ನು ಕಿತ್ತಿಡಿ. ಒದ್ದೆ ಬಟ್ಟೆ ಹಚ್ಚಬೇಡಿ, ಮಸಿ ಇನ್ನಷ್ಟು ಮೆತ್ತಿಕೊಳ್ಳುತ್ತದೆ. ಟಿವಿ, ಮಿಕ್ಸರ್, ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಏನೇ ಇರಲಿ, ಒಂದೆರಡು ದಿನದಲ್ಲೇ ಮೆಕ್ಯಾನಿಕ್ಕಿಗೆ ಒಯ್ದು "ಹೊಗೆ ಹಿಡಿದದ್ದು" ಎಂದು ಬಾಯಿಬಿಟ್ಟು ಹೇಳಿ. ಬೋರ್ಡು ಬಿಚ್ಚಿ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು ಒಣಗಿಸಿದರೆ ಎಷ್ಟೋ ಸಾಮಾನು ಬದುಕುತ್ತವೆ. ಮನೆಯಲ್ಲೇ ಬಿಚ್ಚುವ ಸಾಹಸ ಬೇಡ. ಪಿನ್ನು ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಶಾಕ್ ಹೊಡೆಯಬಲ್ಲದು.

ಇನ್ನು ಪರಿಹಾರದ ಮಾತು. ಕೇಂದ್ರ ಸರಕಾರ 2022ರಲ್ಲಿ ಹೊರಡಿಸಿದ ವಿಪತ್ತು ಪರಿಹಾರದ ಮಾನದಂಡದಲ್ಲಿ, ಮನೆ ಪೂರ್ತಿ ಹಾಳಾದ ಕುಟುಂಬಕ್ಕೆ ಬಟ್ಟೆಗೆ 2,500 ರೂಪಾಯಿ, ಪಾತ್ರೆ-ಸಾಮಾನಿಗೆ 2,500 ರೂಪಾಯಿ. ಗೋಡೆ ನಿಂತಿದೆ, ಒಳಗಿನದೆಲ್ಲ ಹೊಗೆಗೆ ಹೋಗಿದೆ ಎಂದರೆ ಅದು ಯಾವ ಲೆಕ್ಕ ಸ್ವಾಮಿ? ಫ್ರಿಜ್ಜು ನಿಂತರೂ ಫ್ರಿಜ್ಜಿನ ಕಂತು ನಿಲ್ಲುವುದಿಲ್ಲ. ಪಂಚನಾಮೆ ಬರೆಯುವವರು ಸುಟ್ಟದ್ದರ ಜೊತೆಗೆ ಹೊಗೆ ಹಿಡಿದದ್ದನ್ನೂ ಒಂದೊಂದಾಗಿ ಬರೆಯಲೇಬೇಕು. ಬರೆಯದಿದ್ದರೆ ಮನೆಯವರು ಕೇಳಿ ಬರೆಸಿಕೊಳ್ಳಬೇಕು.

2021ರ ಏಪ್ರಿಲ್ 1ರಂದು 'ಭಾರತ ಗೃಹ ರಕ್ಷಾ' ಎಂಬ ಪಾಲಿಸಿ ಬಂದಿತು. ಬೆಂಕಿಯ ನಷ್ಟಕ್ಕೆ ಮನೆಯ ಜೊತೆ ಒಳಗಿನ ಸಾಮಾನಿಗೂ ಅದರಲ್ಲಿ ವಿಮೆ. ಗಾಡಿಗೆ ಇನ್ಶೂರೆನ್ಸ್ ಕಟ್ಟುತ್ತಾರೆ, ಪೊಲೀಸರು ಹಿಡೀತಾರೆಂದು. ಮನೆಗೆ ಯಾರು ಕೇಳಬೇಕು? ಕಟ್ಟಿದವರು ಒರೆಸುವ ಮೊದಲೇ ಪ್ರತಿಯೊಂದು ಸಾಮಾನಿನ ಫೋಟೋ ತೆಗೆದು ಕಂಪನಿಗೆ ತಿಳಿಸಲಿ. ಸರ್ವೇಯರ್ ನೋಡುವ ತನಕ ಯಾವುದನ್ನೂ ಗುಜರಿಯವನಿಗೆ ಕೊಡಬಾರದು.