ಭೀಮೆಯ ತೀರವೂ ಸೇಡಿನ ಚಿತ್ರಪಟಗಳೂ

ಆಳಂದ ಸೀಮೆಯ ಅಮರ್ಜೆಯು ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುವದು. ಭೀಮೆಯು ಮುಂದೆ ಜೇವರ್ಗಿಯ ಸೀಮೆಗೆ ಸಾಗುವದು. ಸಂಗಮದಲ್ಲಿ ದತ್ತಕ್ಷೇತ್ರವುಂಟು, ಜೇವರ್ಗಿಯು ವಚನಕಾರ ಷಣ್ಮುಖಸ್ವಾಮಿಗಳಿಂದ ಪುನೀತವಾದ ಊರು. ಇಂಥ ತೀರಕ್ಕೆ ವೃತ್ತಪತ್ರಗಳು ಹಚ್ಚಿದ ಹೆಸರು ಹಂತಕರ ತೀರವೆಂದು! 2012ರಲ್ಲಿ ‘ಭೀಮಾ ತೀರದಲ್ಲಿ’ ಎಂಬ ಚಿತ್ರಪಟವು ಆ ಅಪಕೀರ್ತಿಯನ್ನು ನಾಡಿನ ತೆರೆಗಳ ಮೇಲೆ ಮೆರೆಯಿಸಿತು. ಕೆಲವರ ಅಪರಾಧವು ಸಮಸ್ತ ರೈತಾಪಿ ಜನರ ಬಿರುದಾಯಿತು.

ಇದು ಒಂದೇ ಚಿತ್ರದ ದೋಷವಲ್ಲ. 1981ರ ‘ಅಂತ’ದಲ್ಲಿ ನ್ಯಾಯವನ್ನು ಕಾಯಬೇಕಾದ ಪೋಲೀಸ ಅಧಿಕಾರಿಯೇ ಸೇಡಿಗಿಳಿಯುವನು. 1995ರ ‘ಓಂ’ನಲ್ಲಿ ಪುರೋಹಿತನ ಮಗನು ಲಾಂಗು ಹಿಡಿಯುವನು. 2018 ಹಾಗೂ 2022ರಲ್ಲಿ ಬಂದ ‘ಕೆ.ಜಿ.ಎಫ್.’ ಚಿತ್ರಗಳಲ್ಲಿ ದರಿದ್ರ ತಾಯಿಯ ಮಗನು ಚಿನ್ನದ ಗಣಿಗೆ ಒಡೆಯನಾಗುವಷ್ಟರಲ್ಲಿ ಬಿದ್ದ ಹೆಣಗಳನ್ನು ಎಣಿಸುವವರೇ ಇಲ್ಲ. ದಶಕಗಳು ಉರುಳಿದಂತೆ ಆಯುಧವು ದೊಡ್ಡದಾಯಿತು, ಕಾರಣವು ಸಣ್ಣದಾಯಿತು.

“ಮಹಾಭಾರತವೂ ಸೇಡಿನ ಕಥೆಯಲ್ಲವೇ?” ಎಂದು ಕೆಲವರು ಆಕ್ಷೇಪಿಸುವರು. ಅಹುದು, ಆದರೆ ಹೇಳಿದ ರೀತಿಯನ್ನು ನೋಡಬೇಕು. ವಧೆಯನ್ನು ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸಲಾಗದೆಂದು ಧನಂಜಯನು ದಶರೂಪಕದಲ್ಲಿ ವಿಧಿಸಿದನು. ಭಟ್ಟನಾರಾಯಣನ ವೇಣೀಸಂಹಾರವು ಸೇಡಿನ ನಾಟಕವೇ ಆದರೂ ದುರ್ಯೋಧನನ ವಧೆಯು ಅಲ್ಲಿ ರಂಗದ ಹೊರಗೇ ನಡೆಯುವದು. ರೌದ್ರಕ್ಕೆ ಕ್ರೋಧವು ಸ್ಥಾಯಿಭಾವವೇ ಹೊರತು ರಕ್ತವಲ್ಲ. ರನ್ನನ ಗದಾಯುದ್ಧದಲ್ಲಿ ಭೀಮನು ನಾಯಕನು. ಆದರೂ ರಣಭೂಮಿಯಲ್ಲಿ ತನ್ನವರ ಹೆಣಗಳ ನಡುವೆ ನಡೆಯುವ ದುರ್ಯೋಧನನಿಗಾಗಿ ಓದುಗನ ಕಣ್ಣು ತೇವವಾಗುವದು. ಶತ್ರುವಿಗೂ ಕಣ್ಣೀರು ದೊರಕಿಸುವ ಈ ಶಕ್ತಿಯು ಇಂದಿನ ಚಿತ್ರಪಟದಲ್ಲಿ ಎಲ್ಲಿದೆ?

ಅದಲ್ಲದೆ, ವ್ಯಾಸರ ಕಥೆಯು ಕೊಲೆಯೊಡನೆ ಮುಗಿಯುವದಿಲ್ಲ. ತಂದೆಯನ್ನು ವಂಚನೆಯಿಂದ ಕಳಕೊಂಡ ಅಶ್ವತ್ಥಾಮನ ಕೋಪಕ್ಕೆ ಕಾರಣವಿತ್ತು. ಅದರ ಫಲವೋ, ನಿದ್ರಿಸುತ್ತಿದ್ದ ದ್ರೌಪದಿಯ ಮಕ್ಕಳ ಮರಣ. ಭಾಗವತದಲ್ಲಿ ಅದೇ ದ್ರೌಪದಿಯು ಬಂಧಿತನಾಗಿ ಬಂದ ಅವನನ್ನು ಬಿಡಿಸುವಳು. ತನ್ನಂತೆ ಅವನ ತಾಯಿಯೂ ಅಳಬಾರದೆಂಬುದೇ ಅವಳ ವಾದವು. ಸೇಡಿನ ಚಿತ್ರಪಟವು ಈ ಮಾತಿಗೆ ಮುಂಚೆಯೇ ದೀಪ ಹಚ್ಚಿ ಪ್ರೇಕ್ಷಕರನ್ನು ಮನೆಗೆ ಕಳಿಸುವದು. ಕೋರ್ಟಿನ ತಾರೀಖಿಗೆ ಅಲೆಯುವ ವಿಧವೆ, ವಕೀಲರ ಫೀಜಿಗಾಗಿ ಒತ್ತೆ ಬಿದ್ದ ತೊಗರಿಯ ಹೊಲ, ಶಾಲೆ ಬಿಟ್ಟ ಮಗ, ಇವರು ತೆರೆಯ ಮೇಲೆ ಬರುವದೇ ಇಲ್ಲ. ಸುಳ್ಳು ಇರುವದು ಇಲ್ಲಿಯೇ.

“ಜನರು ಬೇಡುವದನ್ನು ಕೊಡುತ್ತೇವೆ” ಎಂಬುದು ಚಿತ್ರ ತಯಾರಿಸುವವರ ಸಮಾಧಾನ. ರೋಗಿಯು ಬೇಡಿದನೆಂದು ಅಪಥ್ಯವನ್ನು ಬಡಿಸುವವನು ವೈದ್ಯನೇ? ಸೆನ್ಸಾರಿನ ಕತ್ತರಿಯಿಂದಲೂ ಇದಕ್ಕೆ ಪರಿಹಾರವಿಲ್ಲ. ಅದು ರಕ್ತದ ದೃಶ್ಯವನ್ನು ಕತ್ತರಿಸೀತು, ಸೇಡಿನ ವೈಭವವನ್ನಲ್ಲ. ವಿವೇಕವು ಪ್ರೇಕ್ಷಕರಲ್ಲಿಯೇ, ಮನೆಮನೆಯ ಹಿರಿಯರಲ್ಲಿಯೇ ಮೂಡಬೇಕು.

ಇದೇ ಭೀಮೆಯ ದಂಡೆಯ ಸನ್ನತಿಯಲ್ಲಿ ಅಶೋಕನ ಶಾಸನಗಳು ದೊರೆತಿವೆ. ಕಳಿಂಗವನ್ನು ಗೆದ್ದೂ ಆ ಗೆಲವಿಗಾಗಿ ಮರುಗಿದ ಅರಸನವನು. ಭೀಮಾತೀರದ ಕಥೆ ಬೇಕೆನ್ನುವವರು ಮೊದಲು ಆ ಕಲ್ಲುಗಳ ಎದುರಿಗೆ ನಿಂತು ಬರಲಿ.