ಎತ್ತಿಗೆ ಸೋಮವಾರ ರಜೆ, ಹಾಲು ಕರೆಯೋಳಿಗೆ ಯಾವ ವಾರ?

ರಾಗಿಗೆ ಕುಂಟೆ ಹೊಡೆಯೋ ವಿಷಯ ಬರೀತೀನಿ ಅಂದಿದ್ದೆ, ಅದು ಮುಂದಿನ ಸಲ. ಈ ಸಲ ನಾನೇ ಮಾಡಿದ ಒಂದು ಕೆಲಸದ ಬಗ್ಗೆ ಬರೀತೀನಿ. ಅದರಲ್ಲಿ ಅರ್ಧ ಸರಿ ಇತ್ತು, ಅರ್ಧ ತಪ್ಪಿತ್ತು.

2025ರಲ್ಲಿ ಆಗಸ್ಟ್ 15 ಶುಕ್ರವಾರ ಬಂತಲ್ಲ, ಶುಕ್ರ, ಶನಿ, ಭಾನು ಮೂರು ದಿನ ನಾವು ನಾಲ್ಕು ಜನ ಬೆಂಗಳೂರಿಗೆ ಹೋಗಿದ್ವಿ. ನಾಲ್ಕೂ ಜನ ಎಸ್ಎಸ್ಎಲ್‌ಸಿ ಒಟ್ಟಿಗೆ ಪಾಸಾದವರು. ಮದುವೆ ಇರಲಿಲ್ಲ, ಆಸ್ಪತ್ರೆ ಇರಲಿಲ್ಲ, ಕೋರ್ಟು ಕೇಸಿರಲಿಲ್ಲ. ಸುಮ್ನೆ ನೋಡ್ಕೊಂಡು ಬರೋಕೆ. ವಾಪಸ್ ಬಂದ ಮೇಲೆ ಡೈರಿ ಹತ್ರ ಎಲ್ರೂ ಕೇಳಿದ್ದು ಒಂದೇ, "ಏನ್ ಕೆಲ್ಸ ಇತ್ತು?" "ಏನೂ ಇಲ್ಲ" ಅಂದ್ರೆ ಒಬ್ಬರೂ ನಂಬಲಿಲ್ಲ. ಒಬ್ಬ ಹಿರಿಯರಂತೂ ಪಕ್ಕಕ್ಕೆ ಕರ್ಕೊಂಡು ಹೋಗಿ, "ಹಾರ್ಟ್ ತೋರಿಸ್ಕೊಂಡು ಬಂದ್ಯೇನಪ್ಪಾ, ಡಾಕ್ಟ್ರು ಏನಂದ್ರು?" ಅಂತ ಕೇಳಿದ್ರು. ರೈತ ಸುಮ್ನೆ ಊರು ಬಿಟ್ಟು ಹೋಗಬಹುದು ಅನ್ನೋದೇ ನಮ್ಮ ತಲೇಲಿಲ್ಲ.

ಕಚೇರಿಯವರಿಗೆ ಭಾನುವಾರ ಇದೆ, ಸಿಎಲ್ ಇದೆ, ಇಎಲ್ ಇದೆ. ಫ್ಯಾಕ್ಟರಿಯವರಿಗೆ ವಾರದ ರಜೆ ಇದೆ. ನಮಗೆ ಜ್ವರ ಬಂದ್ರೂ ಬೆಳಗ್ಗೆ ಆರಕ್ಕೆ ಡೈರೀಲಿ ಕ್ಯಾನು ಇಡಬೇಕು. ಈ ವರ್ಷ ಕೊಬ್ಬರಿಗೆ ಒಳ್ಳೇ ರೇಟು ಬಂತು, ಕೈಯಲ್ಲಿ ನಾಲ್ಕು ಕಾಸಿತ್ತು. ರಾಗಿ ಬಿತ್ತಿ ಆಗಿತ್ತು, ಕುಂಟೆಗೆ ಇನ್ನೂ ವಾರ ಇತ್ತು. ಈಗ ಬಿಟ್ರೆ ಇನ್ನು ಯಾವಾಗ ಅಂತ ಹೊರಟ್ವಿ.

ತಿಪಟೂರಲ್ಲಿ ರೈಲು ಹತ್ತಿ ಯಶವಂತಪುರದಲ್ಲಿ ಇಳಿದು, ಹಸಿರು ಮೆಟ್ರೋ ಹಿಡಿದು ಮೆಜೆಸ್ಟಿಕ್‌ಗೆ ಹೋದ್ವಿ. ಲಾಡ್ಜಿನಲ್ಲಿ ನಾಲ್ಕು ಜನಕ್ಕೆ ಒಂದೇ ರೂಮು, ಎರಡು ರಾತ್ರಿಗೆ 3,600 ರೂಪಾಯಿ. ಊಟ, ತಿಂಡಿ, ಓಡಾಟ ಎಲ್ಲ ಸೇರಿ ಒಬ್ಬೊಬ್ಬರಿಗೆ 2,700 ಬಿತ್ತು. ಲೆಕ್ಕ ಯಾಕೆ ಹೇಳ್ತೀನಿ ಅಂದ್ರೆ, ದುಂದುವೆಚ್ಚ ಅನ್ನೋರು ಇದಾರೆ. ಹಬ್ಬಕ್ಕೆ ಬಾಡೂಟ ಹಾಕ್ಸೋದಕ್ಕಿಂತ ಕಮ್ಮೀನೇ ಆಯ್ತು.

ಶುಕ್ರವಾರ ಮಧ್ಯಾಹ್ನ ಲಾಲ್‌ಬಾಗ್‌ಗೆ ಹೋದ್ವಿ. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ, ಗಾಜಿನ ಮನೆ 1889ರದ್ದು. ಫಲಪುಷ್ಪ ಪ್ರದರ್ಶನ ನಡೀತಿತ್ತು. ಜನ ಅಂದ್ರೆ ಜನ, ಹೂವಿಗಿಂತ ತಲೆಗಳೇ ಜಾಸ್ತಿ. ನಮಗೆ ಹಿಡಿಸಿದ್ದು ಅಲ್ಲಿರೋ ಬಂಡೆ. ಸುಮಾರು 300 ಕೋಟಿ ವರ್ಷದ ಕಲ್ಲು. ಅದರ ಮೇಲೆ ಒಂದೂವರೆ ಗಂಟೆ ಕೂತಿದ್ವಿ.

ಊರಲ್ಲಿ ನಾವು ನಾಲ್ಕೂ ಜನ ದಿನಾ ಸಿಗ್ತೀವಿ. ಆದ್ರೆ ಹೇಗೆ? ಡೈರೀಲಿ ಐದು ನಿಮಿಷ, ಮಂಡೀಲಿ ಹತ್ತು ನಿಮಿಷ, ಇಲ್ಲಾಂದ್ರೆ ಯಾರದ್ದಾದ್ರೂ ತಿಥಿಯಲ್ಲಿ. ಮಾತೆಲ್ಲ ರೇಟು, ಮಳೆ, ಕರೆಂಟು. ಆ ಬಂಡೆ ಮೇಲೆ ಕೂತಾಗ ನಮ್ಮಲ್ಲಿ ಒಬ್ಬ ಬಾಯಿಬಿಟ್ಟ. ಎರಡು ಎಕರೆ ಮಾರೋಕೆ ಅಡ್ವಾನ್ಸ್ ಮಾತಾಡಿದಾನೆ, ಮನೇಲಿ ಹೇಳಿಲ್ಲ. (ಅವನ ಒಪ್ಪಿಗೆ ಕೇಳಿಯೇ ಬರೀತಿದೀನಿ.) ಸಾಲ ಎಷ್ಟು, ಬಡ್ಡಿ ಎಷ್ಟು, ಕೊಬ್ಬರಿ ದುಡ್ಡಲ್ಲಿ ಎಷ್ಟು ತೀರುತ್ತೆ ಅಂತ ಅಲ್ಲೇ ಲೆಕ್ಕ ಹಾಕಿದ್ವಿ. ಊರಿಗೆ ಬಂದ ಮೇಲೆ ಅವನು ಆ ಮಾತು ವಾಪಸ್ ತಗೊಂಡ. ಊರಲ್ಲೇ ಇದ್ದಿದ್ರೆ ಅವನು ಹೇಳ್ತಿರಲಿಲ್ಲ, ನಾವು ಕೇಳ್ತಿರಲಿಲ್ಲ. ಪ್ರವಾಸದಿಂದ ಏನು ಲಾಭ ಅಂದ್ರೆ ನಾನು ತೋರಿಸೋದು ಈ ಎರಡು ಎಕರೆನ.

ಇದು ಸರಿ ಅರ್ಧ. ಇನ್ನು ತಪ್ಪಿನ ಅರ್ಧ.

ಶನಿವಾರ ಹೊಸ ಹಳದಿ ಮೆಟ್ರೋ ನೋಡೋಣ ಅಂತ ಆರ್‌ವಿ ರೋಡಲ್ಲಿ ಇಳಿದ್ವಿ. ಶುರುವಾಗಿ ವಾರ ಆಗಿರಲಿಲ್ಲ, 25 ನಿಮಿಷಕ್ಕೊಂದು ರೈಲು. ಕಾಯ್ತಾ ನಿಂತಿದ್ದಾಗ ನಮ್ಮನೆಯವಳ ಫೋನು. "ದೊಡ್ಡ ಹಸ ಬೆಳಗ್ಗೆಯಿಂದ ಕೂಗ್ತಾ ಇದೆ, ಲೋಳೆ ಬಿದ್ದಿದೆ. ಇಂಜೆಕ್ಷನ್ ಮಾಡೋರ ನಂಬರ್ ಎಲ್ಲೈತೆ?" ಅಂದಳು. ಬೆಳಗ್ಗೆ ಬೆದೆ ಕಂಡ್ರೆ ಸಂಜೆಗೆ ಇಂಜೆಕ್ಷನ್ ಮಾಡಿಸಬೇಕು, ತಪ್ಪಿದ್ರೆ ಮತ್ತೆ 21 ದಿನ ಕಾಯಬೇಕು, ಅಷ್ಟೂ ದಿನದ ಮೇವು, ಬೂಸ ದಂಡ. ನಿಮಗೆಲ್ಲ ಗೊತ್ತಿರೋದೇ. ನಂಬರ್ ನನ್ನ ಮೊಬೈಲಲ್ಲೇ ಇತ್ತು, ಮನೇಲಿ ಬರೆದಿಟ್ಟಿರಲಿಲ್ಲ. ಹೇಳಿದೆ. ಅವಳೇ ಕರೆಸಿ, ಒಬ್ಬಳೇ ಹಸ ಹಿಡ್ಕೊಂಡು ಮಾಡ್ಸಿದಳು. ಅದಾದ ಮೇಲೆ ಎರಡು ಹಸ ಕರೆದು, ಡೈರಿಗೆ ಹಾಕಿ, ಕರುಗೆ ಹುಲ್ಲು ತಂದಳು. ನಾನು ಆ ಹೊತ್ತಲ್ಲಿ ಮೆಟ್ರೋದ ಕಿಟಕಿ ಪಕ್ಕ ಸೀಟು ಸಿಕ್ತು ಅಂತ ಖುಷಿಯಾಗಿದ್ದೆ.

ಭಾನುವಾರ ಬಸವನಗುಡಿ ದೊಡ್ಡ ಬಸವಣ್ಣನ ಗುಡಿಗೆ ಹೋದ್ವಿ. ಅದರ ಕಥೆ ನಮ್ಮಂಥವರದೇ. ಆಗ ಅಲ್ಲಿ ಸುಂಕೇನಹಳ್ಳಿ ಅಂತ ಊರು, ಸುತ್ತ ಎಲ್ಲ ಕಡಲೆಕಾಯಿ ಹೊಲ. ರಾತ್ರಿ ಒಂದು ಬಸವ ಬಂದು ಬೆಳೆ ಮೇಯ್ತಿತ್ತಂತೆ. ಅದನ್ನ ಸಮಾಧಾನ ಮಾಡೋಕೆ ಗುಡಿ ಕಟ್ಟಿ, ಮೊದಲ ಬೆಳೆ ಅದಕ್ಕೇ ಅಂತ ಒಪ್ಪಿಸಿದ್ರಂತೆ. ಕಡೇ ಕಾರ್ತಿಕ ಸೋಮವಾರದ ಕಡಲೆಕಾಯಿ ಪರಿಷೆ ಅದರದ್ದೇ.

ಆ ಕಲ್ಲಿನ ಬಸವನ ಮುಂದೆ ನಿಂತಾಗ ನಮ್ಮಪ್ಪ ನೆನಪಾದ್ರು. ಅವರ ಕಾಲದಲ್ಲಿ ಸೋಮವಾರ ಎತ್ತು ಹೂಡ್ತಿರಲಿಲ್ಲ. ಎಷ್ಟೇ ಹದ ಇರಲಿ, ಎಷ್ಟೇ ಅರ್ಜೆಂಟ್ ಇರಲಿ, ನೇಗಿಲು ಮುಟ್ಟಲ್ಲ. ಬಸವಣ್ಣನ ವಾರ, ಎತ್ತು ಸುಧಾರಿಸ್ಕೊಳ್ಳಲಿ ಅಂತ. ಓದು ಬರಹ ಬರದವರು ಮೂಕಪ್ರಾಣಿಗೆ ವಾರಕ್ಕೊಂದು ರಜೆ ಕೊಟ್ಟಿದ್ರು. ಅದೇ ಮನೇಲಿ ನಮ್ಮವ್ವನಿಗೆ ಸೋಮವಾರನೂ ಇಲ್ಲ, ಮಂಗಳವಾರನೂ ಇಲ್ಲ. ಈಗ ನನ್ನ ಮನೇಲೂ ಅದೇ. ನನ್ನ ಮೂರು ದಿನದ ರಜೆ ನಮ್ಮನೆಯವಳ ಬೆನ್ನ ಮೇಲೆ ಕೂತಿತ್ತು. 2,700ರ ಲೆಕ್ಕ ಹೇಳಿದ್ನಲ್ಲ, ಅದರಲ್ಲಿ ಅವಳ ಕೂಲಿ ನಾನು ಸೇರಿಸೇ ಇಲ್ಲ.

ರಾತ್ರಿ ಮನೆಗೆ ಬಂದು ಬಸವಣ್ಣನ ಪ್ರಸಾದ ಕೊಟ್ಟೆ. ಕಣ್ಣಿಗೊತ್ತಿಕೊಂಡು, "ಪರಿಷೆ ಹೆಂಗಿರುತ್ತೋ, ಟಿವೀಲಿ ಮಾತ್ರ ನೋಡಿರೋದು" ಅಂದಳು. ಜಗಳ ಇಲ್ಲ, ಬೈಗುಳ ಇಲ್ಲ. ಬೈದಿದ್ರೆ ಚೆನ್ನಾಗಿತ್ತು.

ಹಾಗಂತ ಹಸು ಕಟ್ಟಿದವರು ಊರು ಬಿಡಲೇಬಾರದು ಅಂತ ನಾನು ಹೇಳಲ್ಲ. ನಮ್ಮಲ್ಲಿ ಮುಯ್ಯಾಳು ಪದ್ಧತಿ ಇದೆ. ಇವತ್ತು ನಿಮ್ಮ ನಾಟಿಗೆ ನಾವು, ನಾಳೆ ನಮ್ಮ ಕುಯ್ಲಿಗೆ ನೀವು. ಹೊಲದ ಕೆಲಸಕ್ಕೆ ಮುಯ್ಯಿ ಇದ್ರೆ ರಜೆಗೆ ಯಾಕಿರಬಾರದು? ನಾವು ನಾಲ್ಕು ಮನೆಯವರು ಕೂತು ಹೀಗೆ ಮಾತಾಡಿದೀವಿ:

ಒಂದು, ಇನ್ಮೇಲೆ ಎರಡು ಮನೆಯವರು ಗಂಡ ಹೆಂಡತಿ ಒಟ್ಟಿಗೆ ಹೋಗೋದು, ಇನ್ನೆರಡು ಮನೆಯವರು ಅವರ ದನ ನೋಡೋದು. ಸಂಕ್ರಾಂತಿ ಕಳೆದ ಮೇಲೆ ಮೊದಲ ಸರದಿ.

ಎರಡು, ಹೊಸ ಕೈಗೆ ಹಸು ಹಾಲು ಇಳಿಸಲ್ಲ. ಅದಕ್ಕೆ ಹೋಗೋಕೆ ವಾರ ಮುಂಚೆಯಿಂದ ನೋಡ್ಕೊಳ್ಳೋರು ದಿನಾ ಬಂದು ಬೂಸ ಇಟ್ಟು, ಮೈ ಸವರಿ, ಎರಡು ದಿನ ಕರೆದು ಅಭ್ಯಾಸ ಮಾಡ್ಕೋಬೇಕು.

ಮೂರು, ಡಾಕ್ಟರು, ಇಂಜೆಕ್ಷನ್ ಮಾಡೋರು, ಮೋಟರ್ ರಿಪೇರಿಯವರ ನಂಬರು ಕೊಟ್ಟಿಗೆ ಗೋಡೆ ಮೇಲೆ ದೊಡ್ಡದಾಗಿ ಬರೆದಿರಬೇಕು. ನಾನು ಬಂದ ಮಾರನೇ ದಿನವೇ ಬರೆದೆ.

ನಾಲ್ಕು, ಎಲ್ಲಕ್ಕಿಂತ ಮುಂಚೆ ಹೆಂಗಸರ ಸರದಿ. ಕಡೇ ಕಾರ್ತಿಕ ಸೋಮವಾರ 2025ರಲ್ಲಿ ನವೆಂಬರ್ 17. ರಾಗಿ ಕುಯ್ಲಿಗೆ ಇನ್ನೂ ಸ್ವಲ್ಪ ದಿನ ಇರುತ್ತೆ. 15ಕ್ಕೆ ನಾಲ್ಕೂ ಮನೆ ಹೆಂಗಸರು ಬೆಂಗಳೂರಿಗೆ, ಪರಿಷೆ ಮುಗಿಸಿ ವಾಪಸ್. ನಾವು ಗಂಡಸರು ಮನೇಲಿ.

ಹೆಂಗಸರು ಒಪ್ತಾರಾ ಅಂತ ಕೇಳಬೇಡಿ. ನಮ್ಮನೆಯವಳು ಮೊದಲು ಕೇಳಿದ್ದು, "ನಿಮಗೆ ಹಾಲು ಕರೆಯೋಕೆ ಬರುತ್ತಾ?" ನಾನು ಹಾಲು ಕರೆಯೋದು ಬಿಟ್ಟು ಹತ್ತು ವರ್ಷದ ಮೇಲಾಯ್ತು. ಈಗ ಬೆಳಗಿನ ಹೊತ್ತು ಕೂರ್ತಾ ಇದೀನಿ. ಮೊದಲ ದಿನ ದೊಡ್ಡ ಹಸ ಒದ್ದು ಬಕೆಟ್ ಉರುಳಿಸ್ತು. ಆರು ಲೀಟರ್ ಕೊಡೋದು ನನಗೆ ನಾಲ್ಕು ಕೊಡ್ತು. ನಿನ್ನೆ ಐದಕ್ಕೆ ಬಂದಿದೆ. ನವೆಂಬರ್‌ಗೆ ಇನ್ನೂ ಟೈಮಿದೆ.

ನಿಮ್ಮೂರಲ್ಲೂ ನಾಲ್ಕು ಮನೆ ಸೇರಿದ್ರೆ ಆಗುತ್ತೆ. ಡೈರಿ ಹತ್ರ ಸಿಕ್ಕಾಗ ಮಾತಾಡೋಣ.